ನಾಯಿಗೆ ಹೊಟ್ಟೆ ಕೆಟ್ಟರೆ ಶುಂಠಿ ಕಷಾಯ ಕೊಡಬಹುದೇ?

ಶುಂಠಿ ಕೊಡಬಹುದು, ಆದರೆ ನಾವು ಕುಡಿಯುವ ಕಷಾಯ ಬೇಡ. ಅದರಲ್ಲಿರುವ ಕಾಳುಮೆಣಸು ಕೆರಳಿದ ಕರುಳನ್ನು ಇನ್ನಷ್ಟು ಉರಿಸುತ್ತದೆ. 10 ಕಿಲೋ ತೂಕದ ಬೆಳೆದ ನಾಯಿಗೆ ಕಾಲು ಚಮಚ ಹಸಿ ಶುಂಠಿ ತುರಿಯನ್ನು ಗಂಜಿಯಲ್ಲಿ ಕಲಸಿ, ದಿನಕ್ಕೆರಡು ಸಲ ಕೊಟ್ಟರೆ ಸಾಕು. ಇದು ವಾಕರಿಕೆಗೆ. ಭೇದಿಗಾದರೆ ಸಿಹಿಗುಂಬಳವೇ ಮೇಲು: ಸಿಪ್ಪೆ, ಬೀಜ ತೆಗೆದು, ಉಪ್ಪು ಹಾಕದೆ ಬೇಯಿಸಿ ಕಿವುಚಿ, ಊಟಕ್ಕೊಂದು ದೊಡ್ಡ ಚಮಚ. ಅದರ ನಾರು ನೀರು ಹೀರಿ ಮಲವನ್ನು ಗಟ್ಟಿ ಮಾಡುತ್ತದೆ. ಬೆಳ್ತಿಗೆ ಅಕ್ಕಿ ಗಂಜಿ ಸ್ವಲ್ಪಸ್ವಲ್ಪವೇ ನಾಲ್ಕೈದು ಸಲ ಕೊಡಿ, ಹಾಲು ಬೇಡ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ, ಮದ್ದೆಂದು ಖಂಡಿತ ಹಾಕಬೇಡಿ.

ಮಲೆನಾಡಿನಲ್ಲಿ ಇದಕ್ಕೂ ಮೊದಲು ತುಟಿ ಎತ್ತಿ ವಸಡು ನೋಡಿ. ಉಣುಗಿನಿಂದ ಬರುವ ಜ್ವರದಲ್ಲೂ ನಾಯಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಕಂಡು ವಸಡು ಬಿಳಿಚಿದ್ದರೆ, ಮೂತ್ರ ಕಂದಾಗಿದ್ದರೆ ಯಾವ ಸೊಪ್ಪು ಬೇರೂ ಕೆಲಸಕ್ಕೆ ಬರದು, ಪಶುವೈದ್ಯರಿಗೇ ತೋರಿಸಬೇಕು. ಅಂಗಳದ ಅಡಿಕೆ, ಕಾಫಿ ಬೀಜ ತಿಂದಿದ್ದರೂ ಅಷ್ಟೇ. ಲಸಿಕೆಯಾಗದ ಮರಿಗೆ ರಕ್ತಭೇದಿಯಾದರೆ ಪಾರ್ವೊ ಎಂಬ ಮಾರಕ ವೈರಸ್ ರೋಗ ಇರಬಹುದು, ಒಂದು ರಾತ್ರಿಯೂ ಕಾಯದೆ ಪಶುವೈದ್ಯರ ಬಳಿ ಒಯ್ಯಿರಿ.