ಕೆಂಪು-ನೀಲ ಒಂದೇ ಆದ್ರೆ ವಜ್ರ-ಗ್ರಾಫೈಟ್ ಯಾಕೆ ಬೇರೆ?

ಪ್ರಶ್ನೆ: ಉಂಗುರಕ್ಕೆ ಹರಳು ನೋಡೋಕೆ ಹೋದಾಗ ಅಂಗಡಿಯವ್ರು ಕೆಂಪು (ಮಾಣಿಕ್ಯ), ನೀಲ ಎರಡೂ ಒಂದೇ ಜಾತಿ ಕಲ್ಲು ಅಂದ್ರು. ಮಗಳ ಪುಸ್ತಕದಲ್ಲಿ ನೋಡಿದ್ರೆ ವಜ್ರ, ಗ್ರಾಫೈಟ್ (ಪೆನ್ಸಿಲ್ ಕಡ್ಡಿಯದ್ದು) ಎರಡೂ ಬರೀ ಕಾರ್ಬನ್, ಆದ್ರೂ ಬೇರೆ ಬೇರೆ ಖನಿಜ ಅಂತಿದೆ. ಇದಕ್ಕೇನಾದ್ರೂ ರೂಲ್ ಇದ್ಯಾ ಸಾರ್?
- ಓದುಗರು, ಹಾಸನ

ಉತ್ತರ: ಅಂಗಡಿಯವ್ರೂ ಸರಿ, ಪುಸ್ತಕಾನೂ ಸರಿ. ಕಲ್ಲಲ್ಲಿ ಏನೇನಿದೆ ಅನ್ನೋದು ಒಂದು, ಅದು ಒಳಗೆ ಹೇಗೆ ಜೋಡಣೆ ಆಗಿದೆ ಅನ್ನೋದು ಇನ್ನೊಂದು, ಇವೆರಡೂ ಹೊಂದಿದ್ರೆ ಮಾತ್ರ ಒಂದೇ ಖನಿಜ. ಬಣ್ಣಕ್ಕೆ ಇಲ್ಲಿ ಅಂಥ ಬೆಲೆ ಇಲ್ಲ (ಅಂಗಡೀಲಿ ಇದೆ, ಅದು ಬೇರೆ ಮಾತು). ಕೆಂಪು, ನೀಲ ಎರಡೂ ಕೊರಂಡಮ್, ಅಂದ್ರೆ ಅಲ್ಯೂಮಿನಿಯಂ ಆಕ್ಸೈಡ್, ಅದ್ರಲ್ಲಿ ಚೂರು ಕ್ರೋಮಿಯಂ ಸೇರಿದ್ರೆ ಕೆಂಪು, ಕಬ್ಬಿಣ ಟೈಟಾನಿಯಂ ಸೇರಿದ್ರೆ ನೀಲಿ, ಅಷ್ಟೇ. ವಜ್ರದಲ್ಲಿ ಪ್ರತಿ ಕಾರ್ಬನ್ನೂ ಸುತ್ತ ನಾಲ್ಕು ಕಾರ್ಬನ್ ಜೊತೆ ಗಟ್ಟಿ ಹಿಡ್ಕೊಂಡಿರುತ್ತೆ, ಗ್ರಾಫೈಟಲ್ಲಿ ಮೂರರ ಜೊತೆ ಮಾತ್ರ, ಅದೂ ಪದರ ಪದರವಾಗಿ, ಪದರಗಳ ನಡುವೆ ಹಿಡಿತ ಕಮ್ಮಿ. ಅದಕ್ಕೇ ಒಂದರ ಗಡಸುತನ ಹತ್ತಕ್ಕೆ 10, ಇನ್ನೊಂದು ಕಾಗದದ ಮೇಲೆ ಉಜ್ಜಿದ್ರೆ ಸವೆದು ಗೆರೆ ಬೀಳುತ್ತೆ.

ಗುಂಪು ಮಾಡೋವಾಗ ಜನ ತಪ್ಪು ತಿಳ್ಕೊಳ್ಳೋದು ಇಲ್ಲೇ. ಕಬ್ಬಿಣದವೆಲ್ಲ ಒಂದು ಕಡೆ, ತಾಮ್ರದವೆಲ್ಲ ಒಂದು ಕಡೆ ಅಂತ ಇಡಲ್ಲ. ಲೋಹದ ಜೊತೆಗಿರೋದು ಯಾರು ಅಂತ ನೋಡ್ತಾರೆ: ಬರೀ ಗಂಧಕ ಇದ್ರೆ ಸಲ್ಫೈಡ್, ಬರೀ ಆಕ್ಸಿಜನ್ ಇದ್ರೆ ಆಕ್ಸೈಡ್, ಹೀಗೇ ಕಾರ್ಬೊನೇಟ್, ಸಲ್ಫೇಟ್, ಸಿಲಿಕೇಟ್. ಹಟ್ಟಿ ಚಿನ್ನದ ಥರ ಒಂಟಿಯಾಗಿರೋವಕ್ಕೆ ಬೇರೆ ಗುಂಪೇ ಇದೆ. ಇದಕ್ಕೆ ಕಾರಣಾನೂ ಇದೆ. ಪೈರೈಟಲ್ಲೂ ಕಬ್ಬಿಣ, ಸಿಡರೈಟಲ್ಲೂ ಕಬ್ಬಿಣ, ಆದ್ರೆ ಪೈರೈಟು ಸಲ್ಫೈಡ್, ಹಿತ್ತಾಳೆ ಥರ ಫಳಫಳ, ಸಿಡರೈಟು ಕಾರ್ಬೊನೇಟ್ ಆಗಿರೋದ್ರಿಂದ ಕಬ್ಬಿಣಾನೇ ಇಲ್ಲದ ಇನ್ನೊಂದು ಕಾರ್ಬೊನೇಟ್ ಕ್ಯಾಲ್ಸೈಟ್ ಥರಾನೇ ಓರೆ ಓರೆ ತುಂಡಾಗಿ ಒಡೆಯುತ್ತೆ. ಅಮೆರಿಕದ ಖನಿಜ ವಿಜ್ಞಾನಿ ಡಾನಾ 1837ರಲ್ಲಿ ಪುಸ್ತಕ ಬರೆದಾಗ ಗಿಡ-ಪ್ರಾಣಿಗಳಿಗೆ ಮಾಡೋ ಹಾಗೆ ಖನಿಜಗಳನ್ನ ವಿಂಗಡಿಸಿದ್ದ, ಆಮೇಲೆ ತಾನೇ ಅದನ್ನ ಬಿಟ್ಟು ಕೆಮಿಸ್ಟ್ರಿ ಹಿಡಿದ. 1941ರಲ್ಲಿ ಜರ್ಮನಿಯ ಸ್ಟ್ರುಂಟ್ಸ್ ಕೆಮಿಸ್ಟ್ರಿ ಜೊತೆ ಹರಳಿನ ರಚನೇನೂ ಸೇರಿಸಿ ಪಟ್ಟಿ ಮಾಡಿದ.

ರಚನೆ ಜಾಸ್ತಿ ಬೇಕಾಗೋದು ಸಿಲಿಕೇಟಲ್ಲಿ. ಒಂದು ಸಿಲಿಕಾನ್, ಸುತ್ತ ನಾಲ್ಕು ಆಕ್ಸಿಜನ್, ಈ ಘಟಕ ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುತ್ತೆ, ಒಂದಕ್ಕೊಂದು ಹೇಗೆ ಕೊಂಡಿ ಹಾಕ್ಕೊಂಡಿದೆ ಅನ್ನೋದ್ರ ಮೇಲೆ ಒಳಗುಂಪು. ಗಾರ್ನೆಟ್ ಅನ್ನೋ ಹರಳಲ್ಲಿ ಒಂಟೊಂಟಿ, ಕಾಗೆಬಂಗಾರದಲ್ಲಿ ಹಾಳೆ. ಕಾಗೆಬಂಗಾರದ ಅಂಚಿಗೆ ಉಗುರು ಹಾಕಿ ನೋಡಿ, ತೆಳ್ಳಗೆ ಎದ್ದು ಬರುತ್ತಲ್ಲ, ಆ ಹಾಳೆಗಳ ಮಧ್ಯದಲ್ಲೇ ಅದು ಬಿಟ್ಕೊಳ್ಳೋದು.

ಪ್ರಶ್ನೆ: ಸಂಡೂರು ಅದಿರು, ಕುದುರೆಮುಖದ ಅದಿರು ಎರಡೂ ಕಬ್ಬಿಣದ ಆಕ್ಸೈಡೇ ಅಲ್ವಾ?
- ಓದುಗರು, ಬಳ್ಳಾರಿ

ಉತ್ತರ: ಹೌದು, ಗುಂಪು ಒಂದೇ, ಖನಿಜ ಬೇರೆ. ಸಂಡೂರಿಂದು ಮುಖ್ಯವಾಗಿ ಹೆಮಟೈಟ್, ಕುದುರೆಮುಖದ್ದು ಮ್ಯಾಗ್ನೆಟೈಟ್. ಆಕ್ಸಿಜನ್ ಲೆಕ್ಕಾನೂ ಬೇರೆ, ಜೋಡಣೇನೂ ಬೇರೆ. ಪಾಲಿಶ್ ಇಲ್ಲದ ಟೈಲ್ಸ್ ಹಿಂಬದಿಗೆ ಉಜ್ಜಿ, ಹೆಮಟೈಟ್ ಕೆಂಪು ಗೆರೆ ಬಿಡುತ್ತೆ, ಮ್ಯಾಗ್ನೆಟೈಟ್ ಕಪ್ಪು. ಮ್ಯಾಗ್ನೆಟ್ ಇದ್ರೆ ಅಷ್ಟೂ ಬೇಡ, ಮ್ಯಾಗ್ನೆಟೈಟ್ ಥಟ್ಟಂತ ಅಂಟ್ಕೊಳ್ಳುತ್ತೆ.