ವಾರದ ತರಕಾರಿ ಬುಟ್ಟಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬೋರ್‌ವೆಲ್ ನೀರಿರುವ 20 ಗುಂಟೆ ಜಮೀನಿದೆ. ಪಟ್ಟಣದ 30 ಮನೆಗಳಿಂದ ಮುಂಗಡ ಪಡೆದು, ವಾರಕ್ಕೊಂದು ಬುಟ್ಟಿ ತರಕಾರಿ ಕೊಡಬೇಕೆಂದಿದ್ದೇನೆ. ಏನನ್ನು, ಎಷ್ಟು ಬಿತ್ತಲಿ?
– ಓದುಗರು, ತಿಪಟೂರು

ಉತ್ತರ: 30 ಮನೆ ಬೇಡ, ಮೊದಲ ವರ್ಷ 12ಕ್ಕೆ ನಿಲ್ಲಿಸಿ. ನಾಲ್ವರಿರುವ ಮನೆಗೆ ವಾರಕ್ಕೆ 6 ಕೆಜಿ ಎಂದರೂ 72 ಕೆಜಿ ಆಯಿತು. ಅಷ್ಟನ್ನು ಒಂದು ವಾರ ಕೊಯ್ಯುವುದು ಸುಲಭ, ವರ್ಷವಿಡೀ ಕೊಯ್ಯುವುದು ಕಷ್ಟ. ಹೆಚ್ಚಿನವರು ಎಡವುವುದು ಎಲ್ಲವನ್ನೂ ಒಂದೇ ಸಲ ಬಿತ್ತಿ. ಒಂದು ವಾರ ಮೆಂತ್ಯ ರಾಶಿ ಬೀಳುತ್ತದೆ, ಮುಂದಿನ ವಾರ ಒಂದು ಕಟ್ಟೂ ಸಿಗುವುದಿಲ್ಲ.

ಲೆಕ್ಕವನ್ನು ಹಿಂದಿನಿಂದ ಹಾಕಿ. 4 ಅಡಿ ಅಗಲ, 10 ಅಡಿ ಉದ್ದದ ಮಡಿಯಲ್ಲಿ ಮೆಂತ್ಯ ಹದವಾಗಿ ಬಂದರೆ ಸುಮಾರು ಎರಡೂವರೆ ಕೆಜಿ, ಅಂದರೆ 250 ಗ್ರಾಂನ 10 ಕಟ್ಟು. ನಿಮಗೆ ಬೇಕಾದದ್ದು 12. ಮೊಳಕೆ ತಪ್ಪುವುದು, ಹುಳು ತಿನ್ನುವುದು ಎಲ್ಲ ಸೇರಿಸಿ ವಾರಕ್ಕೆ ಎರಡು ಮಡಿ ಬಿತ್ತಿ. ಮೆಂತ್ಯ, ಹರಿವೆ 25–30 ದಿನಕ್ಕೆ ಕೈಗೆ ಬರುತ್ತವೆ. ಕೊತ್ತಂಬರಿಗೆ 40 ದಿನ ಹಿಡಿಯಿರಿ. ಕೊತ್ತಂಬರಿ ಏಪ್ರಿಲ್–ಮೇ ಬಿಸಿಲಿಗೆ ಬೇಗ ಹೂವಿಗೆ ತಿರುಗುತ್ತದೆ, ಆ ತಿಂಗಳುಗಳಲ್ಲಿ ಅದನ್ನು ನೆಚ್ಚಬೇಡಿ. ಗಿಡ ಬೀನ್ಸ್ ಮೂರು ವಾರಕ್ಕೊಮ್ಮೆ ಅರ್ಧ ಗುಂಟೆ ಬಿತ್ತಿದರೆ ಸಾಕು. ಮೊದಲ ಕೊಯ್ಲಿಗೆ ಸುಮಾರು 50 ದಿನ, ಆಮೇಲೆ ಮೂರು ವಾರ ಕಾಯಿ ಸಿಗುತ್ತದೆ. 5 ಗುಂಟೆಯನ್ನು ಯಾವಾಗಲೂ ಸೆಣಬಿಗೋ ಹುರುಳಿಗೋ ಬಿಟ್ಟು, ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಆ ಜಾಗವನ್ನು ಸರದಿಯ ಮೇಲೆ ಬದಲಿಸುತ್ತಿರಿ.

ಬುಟ್ಟಿ ವಾರಕ್ಕೊಮ್ಮೆ ಹೋಗುತ್ತದೆ, ಆದರೆ ಬೆಂಡೆಗಿಡಕ್ಕೆ ವಾರದ ಲೆಕ್ಕ ಗೊತ್ತಿಲ್ಲ. ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೀಳದಿದ್ದರೆ ನಾರು ಕಟ್ಟುತ್ತದೆ. ತುದಿ ಮುರಿದರೆ ಟಕ್ಕನೆ ಮುರಿಯಬೇಕು. ಬಾಗಿದರೆ ಬಲಿತಿದೆ ಎಂದೇ ಅರ್ಥ. ಹಾಗಾಗಿ ಆರು ಮನೆಗೆ ಬುಧವಾರ, ಆರು ಮನೆಗೆ ಶನಿವಾರ ಎಂದು ಹಂಚಿಕೊಳ್ಳಿ. ಓಡಾಟ ಹೆಚ್ಚಾಗುತ್ತದೆ ನಿಜ, ಆದರೂ ಬಲಿತ ಕಾಯಿ ಕೊಟ್ಟು ಗಿರಾಕಿ ಮನೆ ಕಳೆದುಕೊಳ್ಳುವುದಕ್ಕಿಂತ ಅದೇ ವಾಸಿ. ಬೇಲಿಯಂಚಿನಲ್ಲಿ ಮಂಗಳೂರು ಸೌತೆ, ಬೂದುಗುಂಬಳ, ಸಿಹಿಗುಂಬಳ ಹಬ್ಬಿಸಿ. ಕರಾವಳಿಯ ಮನೆಗಳಲ್ಲಿ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿ ಮಳೆಗಾಲ ಕಳೆಯುವ ರೂಢಿ ಇದೆ. ಸೊಪ್ಪು ಕೈಕೊಟ್ಟ ವಾರ ನಿಮ್ಮ ಬುಟ್ಟಿಯನ್ನೂ ಇವೇ ತುಂಬಿಸುತ್ತವೆ.

ಪ್ರಶ್ನೆ: ಬೆಳಿಗ್ಗೆ ಕೊಯ್ದ ಸೊಪ್ಪು ಮಧ್ಯಾಹ್ನ ಮನೆ ತಲುಪುವಷ್ಟರಲ್ಲಿ ಕಪ್ಪಾಗಿರುತ್ತದೆ. ನೀರು ಚಿಮುಕಿಸಿಯೇ ಕಳಿಸುತ್ತೇವಲ್ಲ?
– ಓದುಗರು, ಹಾವೇರಿ

ಉತ್ತರ: ಆ ನೀರೇ ಅರ್ಧ ತೊಂದರೆ. ಕೊಯ್ದ ಮೇಲೂ ಸೊಪ್ಪು ಉಸಿರಾಡುತ್ತದೆ, ಅದರಿಂದ ಬಿಸಿ ಹುಟ್ಟುತ್ತದೆ. ಒತ್ತಿ ತುಂಬಿದ ಕ್ರೇಟಿನ ನಡುವೆ ಕೈ ತೂರಿಸಿ ನೋಡಿ, ಬೆಚ್ಚಗಿರುತ್ತದೆ. ಒದ್ದೆ ಎಲೆಗೆ ಆ ಶಾಖವೂ ಸೇರಿದರೆ ಕೊಳೆಯಲು ಮತ್ತೇನೂ ಬೇಡ. ಬಿಸಿಲೇರುವ ಮೊದಲೇ ಕೊಯ್ಯಿರಿ. ಬೇರಿನ ಮಣ್ಣನ್ನಷ್ಟೇ ತೊಳೆದು, ನೆರಳಿನಲ್ಲಿ ಹರಡಿ ಎಲೆಯ ಮೇಲಿನ ಪಸೆ ಆರಿಸಿ. ಸಡಿಲವಾಗಿ ಕಟ್ಟಿ, ತೂತಿನ ಕ್ರೇಟಿನಲ್ಲಿ ನಿಲ್ಲಿಸಿಡಿ, ಮೇಲೆ ಹಿಂಡಿದ ಗೋಣಿ ಹೊದಿಸಿ. ಹಣ್ಣಾದ ಟೊಮೆಟೊ, ಬಾಳೆಹಣ್ಣನ್ನು ಸೊಪ್ಪಿನ ಜೊತೆ ಇಡಬೇಡಿ. ಅವುಗಳಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಎಲೆ ಹಳದಿಯಾಗುತ್ತದೆ.

ಹಿಂದಿನ ಸಂಜೆ ಕಿತ್ತ ಕಾಯಿಗೆ ಇಟ್ಟಿಗೆಯ ತಂಪುತೊಟ್ಟಿ ಕಟ್ಟಿಕೊಳ್ಳಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿನ್ಯಾಸವಿದು. ಇಟ್ಟಿಗೆಯ ಎರಡು ಗೋಡೆ, ನಡುವೆ 3 ಇಂಚು ಸಂದು, ಸಂದಿನಲ್ಲಿ ಮರಳು. ಬೆಳಿಗ್ಗೆ ಸಂಜೆ ಮರಳಿಗೆ ನೀರುಣಿಸಿ, ಮೇಲೆ ಹುಲ್ಲಿನ ಮುಚ್ಚಳ, ಅದರ ಮೇಲೆ ನೆರಳು. ನೀರು ಆವಿಯಾಗುವಾಗ ಒಳಗೆ ತಂಪಾಗುತ್ತದೆ. ಹಾವೇರಿಯ ಒಣ ಬೇಸಿಗೆಗೆ ಇದು ಹೇಳಿ ಮಾಡಿಸಿದಂತಿದೆ, ತೇವದ ಗಾಳಿಯ ಕರಾವಳಿಯಲ್ಲಿ ಅಷ್ಟು ಉಪಯೋಗವಿಲ್ಲ.

ಪ್ರಶ್ನೆ: ಮೂರು ತಿಂಗಳ ಹಣ ಮೊದಲೇ ಕೊಟ್ಟಿದ್ದೇವೆ. ಮಳೆ ಎಂದು ಎರಡು ವಾರ ಅರ್ಧ ಬುಟ್ಟಿ ಬಂತು. ಉಳಿದ ಹಣ ಕೇಳಬಹುದೇ?
– ಓದುಗರು, ಮೈಸೂರು

ಉತ್ತರ: ನೀವು ಕೊಟ್ಟ ಹಣ ತರಕಾರಿಯ ಬೆಲೆಯಷ್ಟೇ ಅಲ್ಲ, ಆ ಹಂಗಾಮಿನ ಬೇಸಾಯದಲ್ಲಿ ನಿಮ್ಮ ಪಾಲೂ ಹೌದು. ಜಪಾನಿನಲ್ಲಿ 1970ರ ದಶಕದಲ್ಲಿ ಬೆಳೆದ 'ತೇಕೇ' ಎಂಬ ರೈತರು–ಬಳಕೆದಾರರ ನೇರ ಒಡಂಬಡಿಕೆ, 1986ರಲ್ಲಿ ಅಮೆರಿಕದಲ್ಲಿ ಶುರುವಾದ ಸಮುದಾಯ ಬೆಂಬಲಿತ ಕೃಷಿ, ಎರಡೂ ನಿಂತಿರುವುದು ಈ ಪಾಲುಗಾರಿಕೆಯ ಮೇಲೆಯೇ. ಬೀಜ, ಗೊಬ್ಬರ, ಕೂಲಿಗೆ ರೈತರು ಬಡ್ಡಿ ಸಾಲ ಮಾಡದಿರಲಿ ಎಂದೇ ಮುಂಗಡ. ಆದ್ದರಿಂದ ಮಳೆಯಿಂದಾದ ಕೊರತೆಗೆ ಹಣ ಕೇಳಬೇಡಿ. ಆದರೆ ಪಂಪು ಕೆಟ್ಟದ್ದು, ಬಿತ್ತನೆ ತಪ್ಪಿದ್ದು ನಿಮ್ಮ ತಲೆಗೆ ಬರಬಾರದು. ಯಾವ ನಷ್ಟ ಇಬ್ಬರದು, ಯಾವುದು ರೈತರದು, ಬುಟ್ಟಿ ಕನಿಷ್ಠ ಎಷ್ಟು ಕೆಜಿ, ಊರಿಗೆ ಹೋದ ವಾರ ಬುಟ್ಟಿ ಯಾರಿಗೆ – ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಬುಟ್ಟಿಗೆ 400 ರೂಪಾಯಿಯಂತೆ 12 ಮನೆಗೆ 12 ವಾರವೆಂದರೆ 57,600 ರೂಪಾಯಿ. ಅಷ್ಟು ಹಣವನ್ನು ಬಾಯಿಮಾತಿಗೆ ಬಿಡಬಾರದು.

ಪ್ರಶ್ನೆ: ಪ್ರಮಾಣಪತ್ರವಿಲ್ಲದೆ ಬುಟ್ಟಿಯ ಮೇಲೆ 'ಸಾವಯವ' ಎಂದು ಬರೆಯಬಹುದೇ?
– ಓದುಗರು, ಸಾಗರ

ಉತ್ತರ: ಬಳಸುವವರಿಗೆ ನೇರವಾಗಿ ಮಾರುವ, ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ಮೀರದ ಸಣ್ಣ ಬೆಳೆಗಾರರಿಗೆ ಪ್ರಮಾಣೀಕರಣದಿಂದ ವಿನಾಯಿತಿ ಇದೆ. ಸಾವಯವ ಆಹಾರದ ಸರ್ಕಾರಿ ಗುರುತಾದ 'ಜೈವಿಕ್ ಭಾರತ್' ಲಾಂಛನವನ್ನು ಮಾತ್ರ ಹಾಕುವಂತಿಲ್ಲ. ಅಂಗಡಿಗೆ ಕೊಟ್ಟು ಮಾರಿಸಿದರೆ ಈ ವಿನಾಯಿತಿ ಅನ್ವಯಿಸದು. ಪ್ರಮಾಣಪತ್ರ ಬೇಕೆಂದರೆ ಅಕ್ಕಪಕ್ಕದ ಕನಿಷ್ಠ ಐವರು ರೈತರು ಗುಂಪಾಗಿ ಪಿಜಿಎಸ್–ಇಂಡಿಯಾ ಸೇರಿ. ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುವ ಕ್ರಮವದು. ರಾಸಾಯನಿಕ ಬಿಟ್ಟು ಇನ್ನೂ ಅವಧಿ ತುಂಬದಿದ್ದರೆ ಅಲ್ಲಿ ಸಿಗುವುದು 'ಪಿಜಿಎಸ್ ಗ್ರೀನ್'. ಬುಟ್ಟಿಯ ಚೀಟಿಯಲ್ಲಿ ಅದನ್ನು ಹಾಗೆಯೇ ಬರೆಯಿರಿ.