ಸ್ಕೇಲಿಗೆ 40, ಗೈಡ್‌ಗೆ 55: ಕುಡು ಕೋಡಿನ ಲೆಕ್ಕ

ಪ್ರಶ್ನೆ: ನನ್ನ ಮಗ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಕೆಲಸದಲ್ಲಿದ್ದಾನೆ. ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದಾಗ ದೊಡ್ಡದೊಂದು ಗಂಡು ಕುಡು (ಸುರುಳಿ ಕೋಡಿನ ಆಫ್ರಿಕಾದ ಹುಲ್ಲೆ) ಕಂಡಿತಂತೆ. ಜೊತೆಗಿದ್ದ ಗೈಡ್ ಹಿಂದೆ ಖಾಸಗಿ ಬೇಟೆ ಜಮೀನುಗಳಲ್ಲಿ ದುಡಿದವರು. ಒಂದೇ ನೋಟಕ್ಕೆ ‘ಕೋಡು 55 ಇಂಚು’ ಎಂದರಂತೆ. ಮಗ ಕಳಿಸಿದ ಫೋಟೋ ಮುದ್ರಿಸಿ, ಭುಜದ ಎತ್ತರ ನಾಲ್ಕೂಮುಕ್ಕಾಲು ಅಡಿ ಎಂದು ಹಿಡಿದು ಸ್ಕೇಲಿನಲ್ಲಿ ಅಳೆದರೆ ನನಗೆ 40 ಇಂಚು ದಾಟುವುದಿಲ್ಲ. ಗೈಡ್ ಹೇಳಿದ್ದು ಉತ್ಪ್ರೇಕ್ಷೆಯೇ?
— ನಿವೃತ್ತ ಗಣಿತ ಶಿಕ್ಷಕರು, ಸಾಗರ

ಉತ್ತರ: ಮೇಷ್ಟರೇ, ನಿಮ್ಮ ಸ್ಕೇಲೂ ಸರಿ, ಗೈಡ್ ಮಾತೂ ಸರಿ. ನೀವು ಅಳೆದದ್ದು ಬುಡದಿಂದ ತುದಿಗೆ ಇರುವ ನೆಟ್ಟಗಿನ ದೂರ. ಅವರು ಹೇಳಿದ್ದು ಸುರುಳಿಯ ಏಣಿನ ಮೇಲೇ ಟೇಪು ಹಾಯಿಸಿದರೆ ಸಿಗುವ ಉದ್ದ. ಕುಡುವಿನ ಕೋಡನ್ನು ಅಳೆಯುವ ಪದ್ಧತಿಯೇ ಅದು.

ಮನೆಯಲ್ಲೇ ಪರೀಕ್ಷೆ ಮಾಡಿ. ನಾಲ್ಕು ಇಂಚು ದಪ್ಪದ ಬಿದಿರು ಒಂದು, ಆರು ಇಂಚು ದಪ್ಪದ ಬಾಳೆದಿಂಡು ಒಂದು ತೆಗೆದುಕೊಳ್ಳಿ. ಪ್ರತಿ ಸುತ್ತಿನಲ್ಲೂ 16 ಇಂಚು ಮೇಲೇರುವ ಹಾಗೆ ಎರಡಕ್ಕೂ ಎರಡೂವರೆ ಸುತ್ತು ಹುರಿ ಸುತ್ತಿ. ಎರಡರಲ್ಲೂ ಎತ್ತರ 40 ಇಂಚೇ. ಬಿಚ್ಚಿ ಅಳೆದರೆ ಬಿದಿರಿನ ಹುರಿ ಸುಮಾರು 50 ಇಂಚು, ಬಾಳೆದಿಂಡಿನದು 60 ದಾಟುತ್ತದೆ. ಸುರುಳಿಯ ಅಗಲದಲ್ಲಿ ಎರಡೇ ಇಂಚು ಹೆಚ್ಚಾದರೆ ಉದ್ದದಲ್ಲಿ ಹತ್ತು ಇಂಚಿಗೂ ಮೇಲೆ! ಅನುಭವಸ್ಥರು ಕೋಡಿನ ಎತ್ತರಕ್ಕಿಂತ ಸುರುಳಿಯ ಹೊಟ್ಟೆಯನ್ನು ಮೊದಲು ನೋಡುವುದು ಇದಕ್ಕೇ. ಕೋಡು ಎತ್ತರವಾಗಿ ಕಂಡರೂ ತಿರುಪು ಬಿಗಿಯಾಗಿದ್ದರೆ ಅಳತೆ ಕೈಕೊಡುತ್ತದೆ.

ದೂರದಿಂದ ಅಂದಾಜಿಸುವಾಗ ಅಳತೆಗೋಲು ಪ್ರಾಣಿಯ ಮೈಮೇಲೇ ಇರುತ್ತದೆ. ಅದು ಕಿವಿ. ಬೆಳೆದ ಕುಡುವಿನ ಕಿವಿ ಸುಮಾರು ಒಂಬತ್ತು ಇಂಚು. ಮೊದಲ ಸುತ್ತಿನ ಅಗಲವನ್ನು ಕಿವಿಯ ಪಕ್ಕಕ್ಕಿಟ್ಟು ಕಣ್ಣಿನಲ್ಲೇ ತೂಗಬೇಕು. ಆಮೇಲೆ ಸುತ್ತು ಎಣಿಸಬೇಕು. ಕಡೆಯದಾಗಿ ತುದಿ: ಎರಡನೇ ಸುತ್ತು ಮುಗಿಸಿ ಮುಂದಕ್ಕೆ, ಹೊರಕ್ಕೆ ಹೊರಳಿದೆಯೋ, ಇನ್ನೂ ಒಳಮುಖವಾಗಿಯೇ ಇದೆಯೋ? ಹೊರಳಿರದಿದ್ದರೆ ಅದು ಇನ್ನೂ ಎಳೆಯದು, ಕೋಡು ಬೆಳೆಯುವುದು ಬಾಕಿಯಿದೆ.

ಶೆಟ್ಟಿಹಳ್ಳಿ ಕಾಡಿನಲ್ಲಿ ಕಾಟಿ, ಕಡವೆಗಳ ಹಿಂದೆ ವರ್ಷಗಟ್ಟಲೆ ಅಲೆದ ನನಗೂ ಕುಡು ಮೋಸ ಮಾಡಿತು. ಮಗಳ ಮನೆಗೆ ಹೋಗಿದ್ದಾಗ ಕ್ರೂಗರ್‌ನ ಸ್ಕುಕುಜಾ ಶಿಬಿರದ ಹತ್ತಿರ ಬೆಳಗ್ಗೆ ಒಂದು ಗಂಡು ಎದುರಾಯಿತು. ನಮ್ಮ ಕಡೆ ಮುಖ ಮಾಡಿ ನಿಂತಿತ್ತು. ನೋಟ್‌ಪುಸ್ತಕದಲ್ಲಿ 50 ಎಂದು ಬರೆದೆ. ಅದು ಸೊಪ್ಪಿಗೆಂದು ಮೂತಿ ಎತ್ತಿದಾಗ ಕೋಡುಗಳು ಬೆನ್ನಿನ ಮೇಲೆ ಒರಗಿದವು. ಆಗ ಪಕ್ಕದಿಂದ ಸುರುಳಿಯ ಆಳ ಕಂಡಿತು. ಎದುರಿನಿಂದ ನೋಡಿದಾಗ ಸಿಕ್ಕದ ಹೊಟ್ಟೆ ಅಲ್ಲಿತ್ತು. ಗೈಡ್ 56 ಎಂದರು, ನಾನು ಒಪ್ಪಿದೆ. ದುರ್ಬೀನಿನಲ್ಲಿ ಬಲದ ತುದಿ ಎಳೆಗಾಯಿಯ ತಿರುಳಿನಂತೆ ಬೆಳ್ಳಗಿತ್ತು. ಎಡದ್ದು ಸವೆದು ಮೊಂಡಾಗಿ, ಬಿಳಿಯೇ ಉಳಿದಿರಲಿಲ್ಲ. ಕತ್ತಿನ ಕೆಳಗೆ ನೀಳ ಕೂದಲು, ದಪ್ಪ ಕುತ್ತಿಗೆ. ವಯಸ್ಸಾದ ಗಂಡು ಎನ್ನಲು ಇವಿಷ್ಟು ಸಾಕು. ಅಂದಿನಿಂದ ಒಂದೇ ದಿಕ್ಕಿನಿಂದ ನೋಡಿ ಸಂಖ್ಯೆ ಬರೆಯುವುದನ್ನು ಬಿಟ್ಟಿದ್ದೇನೆ. ಇನ್ನೊಂದು ಎಚ್ಚರ: ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಕಡೆಯ ಕುಡುಗಳ ಮೈಕಟ್ಟು ಚಿಕ್ಕದು. ಚಿಕ್ಕ ಮೈಯ ಮೇಲೆ ಸಾಧಾರಣ ಕೋಡೂ ದೊಡ್ಡದಾಗಿ ಕಾಣುತ್ತದೆ.

ಕೋಡು ಮೊಳೆಯುವುದು ಆರು ತಿಂಗಳಿನಿಂದ ಒಂದು ವರ್ಷದೊಳಗೆ. ಮೊದಲ ಸುತ್ತು ಎರಡನೇ ವರ್ಷದ ಹೊತ್ತಿಗೆ ತುಂಬುತ್ತದೆ, ಎರಡೂವರೆ ಸುತ್ತಿಗೆ ಸುಮಾರು ಆರು ವರ್ಷ ಬೇಕು. ಲಂಡನ್ನಿನಲ್ಲಿ ಶುರುವಾದ, ಬೇಟೆಪ್ರಾಣಿಗಳ ಅಳತೆ ಬರೆದಿಡುವ ರೋಲೆಂಡ್ ವಾರ್ಡ್ ದಾಖಲೆ ಪುಸ್ತಕಕ್ಕೆ ಸೇರಲು ಸುಮಾರು 54 ಇಂಚು ಬೇಕು. ಈವರೆಗಿನ ಅತಿ ಉದ್ದದ್ದು 187 ಸೆಂಟಿಮೀಟರ್, ಅಂದರೆ 73 ಇಂಚಿಗೂ ಹೆಚ್ಚು. ಕ್ರೂಗರ್‌ನ ಪ್ರವಾಸಿಗೆ ಬೇಟೆಯ ಪ್ರಶ್ನೆಯೇ ಇಲ್ಲ, ಅಲ್ಲಿ ಅದು ನಿಷಿದ್ಧ. ಪರವಾನಗಿಯ ಬೇಟೆ ನಡೆಯುವ ಜಮೀನುಗಳಲ್ಲಾದರೂ ಉದ್ದಕ್ಕಿಂತ ವಯಸ್ಸಿಗೇ ಬೆಲೆ ಕೊಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಸುರುಳಿ ಅಗಲವಾಗಿರುವ ನಾಲ್ಕು ವರ್ಷದ ಗಂಡನ್ನು 54 ಇಂಚಿನ ಆಸೆಗೆ ಉರುಳಿಸಿದರೆ, ಅದೇ ಅಗಲ ಸುರುಳಿಯ ಮರಿಗಳು ಆ ಕಾಡಿಗೆ ಸಿಗದೇ ಹೋಗುತ್ತವೆ. ತುದಿ ಸವೆದು ಒಂದೆರಡು ಇಂಚು ಕಳೆದುಕೊಂಡ ಮುದಿ ಗಂಡು ದಾಖಲೆಗೆ ಸೇರದಿರಬಹುದು. ಆದರೆ ನನ್ನ ಕಣ್ಣಿಗೆ ಅದೇ ದೊಡ್ಡದು.

ಕಣ್ಣು ಪಳಗಿಸಬೇಕೆಂದರೆ ಆಫ್ರಿಕಾಕ್ಕೇ ಹೋಗಬೇಕಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಬೆಳಗ್ಗೆಯೇ ಹೋಗಿ. ಕೃಷ್ಣಮೃಗದ ಕೋಡೂ ತಿರುಪಿನದೇ. ಕಂದು ಬಣ್ಣ ಬಿಡದ ಎಳೆಯ ಗಂಡಿನಿಂದ ಕಪ್ಪೇರಿದ ಬಲಿತ ಗಂಡಿನವರೆಗೆ ಒಂದೇ ಹಿಂಡಿನಲ್ಲಿ ಸಿಕ್ಕರೆ, ಕಿವಿಯ ಪಕ್ಕಕ್ಕೆ ಕೋಡಿಟ್ಟು ತೂಗುವ ಅಭ್ಯಾಸ ಒಂದೇ ಬೆಳಗ್ಗೆ ಆಗಿಬಿಡುತ್ತದೆ. ಮಗ ಇನ್ನೊಮ್ಮೆ ಹೋದಾಗ ಪಕ್ಕದಿಂದಲೂ ಒಂದು ಫೋಟೋ ತೆಗೆಯಲು ಹೇಳಿ. ಕಿವಿ ಪೂರ್ತಿ ಕಾಣುವಂತಿರಲಿ.

ಪ್ರಶ್ನೆ: ಹಳೆಯ ಮನೆಯ ಅಟ್ಟದಲ್ಲಿ ಮೂರು ಕವಲಿನ ಕಡವೆ ಕೊಂಬು ಸಿಕ್ಕಿದೆ. ಕವಲು ಎಣಿಸಿ ವಯಸ್ಸು ಹೇಳಬಹುದೇ? ಗೋಡೆಗೆ ಹಾಕಿಕೊಳ್ಳಬಹುದೇ?
— ಗೃಹಿಣಿ, ತೀರ್ಥಹಳ್ಳಿ

ಉತ್ತರ: ಎರಡೂ ಆಗದು, ಅಮ್ಮಾ. ಕಡವೆಯ ಕೊಂಬು ಮೂಳೆ, ಉದುರಿ ಮತ್ತೆ ಬೆಳೆಯುವಂಥದ್ದು. ಮೂರು ಕವಲು ಬಂದ ಮೇಲೆ ಹರೆಯದ್ದಕ್ಕೂ ಮುದಿಯದ್ದಕ್ಕೂ ಸಾಮಾನ್ಯವಾಗಿ ಅಷ್ಟೇ. ಕುಡುವಿನ ಕೋಡು ಹಾಗಲ್ಲ, ಎಲುಬಿನ ತಿರುಳಿನ ಮೇಲೆ ಉಗುರಿನಂಥ ಪದಾರ್ಥದ ಹೊದಿಕೆ. ಹುಟ್ಟಿದರೆ ಸಾಯುವವರೆಗೂ ಉದುರುವುದಿಲ್ಲ. ನಿಮ್ಮಲ್ಲಿರುವುದರ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಒರಟು ಬಳೆಯ ಕೆಳಗೆ ಗುಂಡಗೆ ಮುಗಿದಿದ್ದರೆ ತಾನಾಗಿ ಉದುರಿದ್ದು, ತಲೆಬುರುಡೆಯ ಚೂರು ಅಂಟಿದ್ದರೆ ಸತ್ತ ಪ್ರಾಣಿಯದು. ಹೇಗೇ ಇದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹಿರಿಯರ ಕಾಗದಗಳಲ್ಲಿ ಅಂಥ ಪತ್ರವಿದೆಯೇ ಹುಡುಕಿ. ಇಲ್ಲವಾದರೆ ಹತ್ತಿರದ ವಲಯ ಅರಣ್ಯ ಕಚೇರಿಗೆ ನೀವೇ ಲಿಖಿತವಾಗಿ ತಿಳಿಸಿ ಒಪ್ಪಿಸಿ, ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ, ಮಾರಬೇಡಿ.